ಮುಂದಿನ ಎಡಚಕ್ರದ ಕಟಕಟ: ಹಳೇ ಸೀಡಿಯಾದ ಸ್ಟ್ರಟ್ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ

ಕಬ್ಬು ಕಟಾವು ಶುರುವಾದರೆ ಪಾಂಡವಪುರದ ಕಡೆಯ ರಸ್ತೆಗಳ ಪಾಡು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಟ್ರೈಲರ್ ತುಂಬಾ ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಓಡಾಡುತ್ತವೆ. ಡಾಂಬರಿನ ಅಂಚು ಕಿತ್ತು ಹೋಗುತ್ತದೆ. ನನ್ನ 2007ರ ಮಿತ್ಸುಬಿಷಿ ಲ್ಯಾನ್ಸರ್ ಸೀಡಿಯಾದ ಮುಂದಿನ ಎಡಚಕ್ರದಲ್ಲಿ ಕಟಕಟ ಶುರುವಾದದ್ದು ಅಲ್ಲೇ. ಒಂದು ವಾರದಲ್ಲಿ ಅದು ಮೈಸೂರಿನ ಕುವೆಂಪುನಗರದ ಒಳರಸ್ತೆಗಳಲ್ಲೂ ಕೇಳಿಸತೊಡಗಿತು.

ಸೀಡಿಯಾ ನೋಡಲು ಸೆಡಾನ್. ಓಡಿಸಿದರೆ ಸ್ಪೋರ್ಟ್ಸ್ ಕಾರಿನ ಗುಣ. 2.0 ಲೀಟರ್ ಪೆಟ್ರೋಲ್ ಎಂಜಿನ್, ತಿರುವಿನಲ್ಲಿ ನೆಲ ಬಿಡದ ಹಿಡಿತ. ನಮ್ಮ ದೇಶದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ ಕಾರು ಇದು. ಈಗ ತಯಾರಿಕೆ ನಿಂತಿದೆ. ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಅದಕ್ಕೇ ತಪ್ಪು ಭಾಗವನ್ನು ಬದಲಿಸಿದರೆ ಹೊಟ್ಟೆ ಉರಿಯುತ್ತದೆ.

ನನಗೆ ಆದದ್ದು ಅದೇ. ಮೊದಲು ಹೋದ ಗ್ಯಾರೇಜಿನಲ್ಲಿ ಎಡಭಾಗಕ್ಕೆ ಜಾಕ್ ಕೊಟ್ಟು, ಚಕ್ರ ಅಲ್ಲಾಡಿಸಿ ನೋಡಿ, ‘ಶಾಕಪ್ಸರ್ ಹೋಗಿದೆ ಸಾರ್, ಎರಡೂ ಕಡೆ ಹಾಕಿಬಿಡೋಣ’ ಎಂದರು. ಹಾಕಿಸಿದೆ. ಗ್ಯಾರೇಜಿನಿಂದ ಹೊರಬಂದು ಮೊದಲ ಹಂಪ್ ದಾಟಿದೆ. ಅದೇ ಕಟಕಟ. ಅದರ ಜೊತೆಗೆ ಸ್ಟೀರಿಂಗ್ ತಿರುಗಿಸಿದರೆ ‘ಟೊಂಯ್’ ಎನ್ನುವ ಹೊಸ ಶಬ್ದ.

ಆಮೇಲೆ ಬನ್ನಿಮಂಟಪದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪಾನಾ ಮುಟ್ಟಲಿಲ್ಲ. ‘ಸ್ವಲ್ಪ ಓಡಿಸಿ ಸಾರ್, ಪಕ್ಕದಲ್ಲಿ ಕೂರ್ತೀನಿ’ ಅಂದರು. ಒಂದು ಹಂಪನ್ನು ನೇರವಾಗಿ ದಾಟಿಸಿದರು. ಶಬ್ದ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ಹಂಪನ್ನು ಓರೆಯಾಗಿ, ಒಂದು ಚಕ್ರ ಮೊದಲು ಇನ್ನೊಂದು ಆಮೇಲೆ ಹತ್ತುವ ಹಾಗೆ ದಾಟಿಸಿದರು. ಕಟಕಟ ಕಟಕಟ. ‘ಲಿಂಕ್ ರಾಡ್ ಸಾರ್. ಪಾಪ, ಶಾಕಪ್ಸರ್ ತಲೆ ಮೇಲೆ ಗೂಬೆ ಕೂರಿಸಿದ್ದಾರೆ.’

ಆ ಒಂದು ಪರೀಕ್ಷೆ ನನ್ನ ತಲೆಯಲ್ಲಿ ಅಚ್ಚೊತ್ತಿದ ಹಾಗೆ ಉಳಿದಿದೆ. ಯಾಕೆ ಅದು ಸರಿ ಅನ್ನುವುದನ್ನು ತಿಳಿದುಕೊಂಡರೆ ಉಳಿದ ತಪಾಸಣೆ ಸುಲಭ.

ಓರೆ ಹಂಪಿನ ಗುಟ್ಟು

ಮುಂದಿನ ಎರಡು ಚಕ್ರಗಳ ನಡುವೆ ಒಂದು ಉಕ್ಕಿನ ಸರಳು ಇರುತ್ತದೆ. ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಅದರ ಕೆಲಸ. ಅದರ ಎರಡು ತುದಿಗಳನ್ನು ಚಿಕ್ಕ ಲಿಂಕ್ ರಾಡ್‌ಗಳು ಸಸ್ಪೆನ್ಷನ್‌ಗೆ ಜೋಡಿಸುತ್ತವೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಬಾರ್ ತನ್ನ ಬುಷ್‌ಗಳಲ್ಲಿ (ಅದನ್ನು ಹಿಡಿದಿರುವ ರಬ್ಬರ್ ತುಂಡುಗಳಲ್ಲಿ) ಸುಮ್ನೆ ಹೊರಳುತ್ತದೆ. ಲಿಂಕ್ ಮೇಲೆ ಭಾರವೇ ಬೀಳುವುದಿಲ್ಲ. ಒಂದೇ ಚಕ್ರ ಎದ್ದರೆ ಮಾತ್ರ ಬಾರ್ ತಿರುಚಿಕೊಳ್ಳುತ್ತದೆ. ಆಗ ಲಿಂಕಿನ ಪುಟ್ಟ ಬಾಲ್ ಜಾಯಿಂಟ್ (ಗುಂಡಿನಾಕಾರದ ಕೀಲು) ಎಳೆತಕ್ಕೆ ಸಿಗುತ್ತದೆ. ಅದು ಸವೆದಿದ್ದರೆ ಬಡಿದುಕೊಳ್ಳುತ್ತದೆ. ಸ್ಟ್ರಟ್‌ಗೆ, ಅಂದರೆ ಶಾಕಪ್ಸರ್ ಮತ್ತು ಸ್ಪ್ರಿಂಗ್ ಸೇರಿದ ಕಂಬಕ್ಕೆ, ಈ ಭೇದ ಇಲ್ಲ. ನೇರವಾಗಿ ಹತ್ತಿದರೂ ಓರೆಯಾಗಿ ಹತ್ತಿದರೂ ಅದು ಕುಗ್ಗಲೇಬೇಕು, ಹಿಗ್ಗಲೇಬೇಕು. ಆದ್ದರಿಂದ ಓರೆಯಲ್ಲಿ ಮಾತ್ರ ಬರುವ ಶಬ್ದ ಮೊದಲು ಲಿಂಕ್ ಕಡೆಗೆ ಬೆರಳು ತೋರಿಸುತ್ತದೆ.

ಮೊದಲ ಗ್ಯಾರೇಜಿನವರಿಗೆ ಇದು ಯಾಕೆ ಸಿಗಲಿಲ್ಲ? ಅವರು ಒಂದೇ ಕಡೆ ಜಾಕ್ ಕೊಟ್ಟಿದ್ದರು. ಒಂದು ಚಕ್ರ ಜೋತುಬಿದ್ದು ಇನ್ನೊಂದು ನೆಲದಲ್ಲಿದ್ದರೆ ಬಾರ್ ತಿರುಚಿಕೊಂಡೇ ನಿಂತಿರುತ್ತದೆ. ಲಿಂಕ್ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಎಷ್ಟೇ ಸವೆದಿರಲಿ, ಕೈಯಲ್ಲಿ ಅಲ್ಲಾಡಿಸಿದರೆ ಸಡಿಲವೇ ಗೊತ್ತಾಗುವುದಿಲ್ಲ. ಲಿಂಕ್ ನೋಡುವುದಾದರೆ ಎರಡೂ ಚಕ್ರ ಒಟ್ಟಿಗೆ ನೇತಾಡಬೇಕು, ಇಲ್ಲವೇ ಎರಡೂ ಒಟ್ಟಿಗೆ ನೆಲದ ಮೇಲಿರಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟೇ ಕೈ ಹಾಕಿ.

ಇನ್ನೂ ಅನುಮಾನ ಇದ್ದರೆ ಎರಡೂ ಕಡೆಯ ಲಿಂಕ್ ಬಿಚ್ಚಿ, ಬಾರಿನ ತುದಿಗಳು ಎಲ್ಲಿಗೂ ತಾಗದಂತೆ ಕಟ್ಟಿ, ಖಾಲಿ ಒಳರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನೋಡಬಹುದು. ಶಬ್ದ ನಿಂತರೆ ಕಳ್ಳ ಸಿಕ್ಕ ಹಾಗೆ. ಆದರೆ ಆ ಸ್ಥಿತಿಯಲ್ಲಿ ಕಾರು ಜಾಸ್ತಿ ವಾಲುತ್ತದೆ. ಮುಖ್ಯರಸ್ತೆಗೆ ತರಬೇಡಿ.

ಶಬ್ದ ಯಾವಾಗ ಬರುತ್ತದೆ ಅನ್ನುವುದೇ ಸುಳಿವು

ಶಬ್ದ ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಕಷ್ಟ. ಲೋಹದ ಬಾಡಿ ಅದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ಯಾವಾಗ ಬರುತ್ತದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ನಾನು ಒಂದು ವಾರ ಫೋನಿನಲ್ಲಿ ಬರೆದುಕೊಂಡೆ. ಮೆಕ್ಯಾನಿಕ್‌ಗೆ ‘ಮುಂದೆ ಏನೋ ಸೌಂಡು’ ಅಂತ ಹೇಳುವುದಕ್ಕಿಂತ ಅದು ಎಷ್ಟೋ ಉಪಯೋಗವಾಯಿತು.

ಬ್ರೇಕ್ ಒತ್ತಿದಾಗ ಒಂದೇ ಸಲ ‘ಟಕ್’, ರಿವರ್ಸ್ ತೆಗೆದು ಬ್ರೇಕ್ ಒತ್ತಿದರೆ ಮತ್ತೆ ಒಂದು ಸಲ ‘ಟಕ್’ ಅಂದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆ ಬಾಡಿಗೆ ಸೇರಿಸುವ ತೋಳು) ಬುಷ್ ಅಥವಾ ಬಾಲ್ ಜಾಯಿಂಟ್ ನೋಡಿ. ವೇಗ ಹೆಚ್ಚಿದ ಹಾಗೆ ಹೆಚ್ಚುವ ಗುಂಯ್ ಶಬ್ದ ವೀಲ್ ಬೇರಿಂಗ್ ಅಥವಾ ಟೈರಿನದು. ಸ್ಟ್ರಟ್‌ಗೂ ಅದಕ್ಕೂ ಸಂಬಂಧವಿಲ್ಲ. ಗುಂಡಿಗೆ ಇಳಿದಾಗ ‘ದಡ್’ ಎಂದು ಬಡಿದರೆ ಸ್ಟ್ರಟ್ ಪೂರ್ತಿ ಕುಗ್ಗಿ ತಳ ಮುಟ್ಟುತ್ತಿದೆ. ಒಳಗಿನ ಬಂಪ್ ಸ್ಟಾಪ್, ಅಂದರೆ ತಳ ಬಡಿಯದಂತೆ ತಡೆಯುವ ಮೆತ್ತೆ, ಪುಡಿಯಾಗಿ ಹೋಗಿರಬಹುದು. ಹಳೇ ಕಾರುಗಳಲ್ಲಿ ಇದು ತುಂಬಾ ಸಾಮಾನ್ಯ. ಧೂಳಿನ ಬೂಟು ಮೇಲೆತ್ತಿದರೆ ಹಳದಿ ಹಿಟ್ಟಿನ ಹಾಗೆ ಉದುರುತ್ತದೆ. ಹಂಪ್ ಇಳಿದು ಚಕ್ರ ಕೆಳಗೆ ಹಿಗ್ಗುವಾಗ ಬಡಿತ ಕೇಳಿದರೆ ಸ್ಟ್ರಟ್ ಒಳಗಿನ ವಾಲ್ವ್ ಸೋತಿರಬಹುದು, ಇಲ್ಲವೇ ಅದನ್ನು ಬಾಡಿಗೆ ಸೇರಿಸುವ ಮೇಲಿನ ಮೌಂಟ್ ಸಡಿಲವಾಗಿರಬಹುದು.

ಇನ್ನು ನನಗೆ ಹೊಸದಾಗಿ ಬಂದ ‘ಟೊಂಯ್’. ಸೀಡಿಯಾದ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನಿಂದ ಬಂದದ್ದು. ಇದರಲ್ಲಿ ಶಾಕ್ ಅಬ್ಸಾರ್ಬರ್ ಬರೀ ಕುಲುಕು ತಡೆಯುವ ಭಾಗವಲ್ಲ. ಅದೇ ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕಂಬ. ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಸಮೇತ ಇಡೀ ಕಂಬ ತಿರುಗುತ್ತದೆ. ಮೇಲೆ ಬಾಡಿಗೆ ಸೇರುವ ಜಾಗದಲ್ಲಿ ರಬ್ಬರ್ ಮೌಂಟ್ ಇದೆ. ಅದರ ಕೆಳಗೆ ಒಂದು ಬೇರಿಂಗ್. ಆ ಬೇರಿಂಗ್ ತುಕ್ಕು ಹಿಡಿದರೆ ಕಂಬ ಸಲೀಸಾಗಿ ತಿರುಗುವುದಿಲ್ಲ. ಸ್ಪ್ರಿಂಗ್ ತಿರುಚಿಕೊಂಡು, ತಡೆಯಲಾಗದೆ ಒಮ್ಮೆಲೇ ಜಿಗಿಯುತ್ತದೆ. ಅದೇ ‘ಟೊಂಯ್’. ಸ್ಟೀರಿಂಗ್ ತಿರುವಿನ ನಂತರ ತಾನಾಗಿ ನಡುವಿಗೆ ಬರದೆ ಸೋಮಾರಿಯಾಗುವುದೂ ಇದೇ ಬೇರಿಂಗಿನ ಕೆಲಸ ಇರಬಹುದು.

ಇದನ್ನು ನೋಡುವುದು ಸುಲಭ. ಕಾರು ನಿಂತಿರಲಿ, ಎಂಜಿನ್ ಓಡುತ್ತಿರಲಿ. ಮನೆಯವರು ಯಾರಾದರೂ ನಿಧಾನವಾಗಿ ಸ್ಟೀರಿಂಗ್ ತಿರುಗಿಸಲಿ. ನೀವು ಬಾನೆಟ್ ತೆಗೆದು ಸ್ಟ್ರಟ್ ಟವರ್ (ಸ್ಟ್ರಟ್ ಬಾಡಿಗೆ ಸೇರುವ ಮೇಲಿನ ಜಾಗ) ಮೇಲೆ ಅಂಗೈ ಇಡಿ. ಜಿಗಿತ ಕೈಗೆ ಗೊತ್ತಾಗುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬೇಡಿ.

ನನ್ನ ಕಾರಿನಲ್ಲಿ ಏನಾಗಿತ್ತು ಅಂದರೆ, ಹೊಸ ಸ್ಟ್ರಟ್‌ಗೆ ಹಳೇ ಮೌಂಟು, ಹಳೇ ಬೇರಿಂಗನ್ನೇ ಹಾಕಿದ್ದರು. ಬಿಚ್ಚಿ ಜೋಡಿಸುವಾಗ ಮೊದಲೇ ಸೊರಗಿದ್ದ ಬೇರಿಂಗ್ ಪೂರ್ತಿ ಕೆಟ್ಟಿತು. ಎಡಗಡೆ ಮೌಂಟಿನ ರಬ್ಬರ್ ಲೋಹದಿಂದ ಅರ್ಧ ಬಿಟ್ಟುಕೊಂಡಿತ್ತು.

ಹಾಗಾದರೆ ಸ್ಟ್ರಟ್ ಹೋಗಿದೆ ಎಂದು ಗೊತ್ತಾಗುವುದು ಹೇಗೆ

ಎಲ್ಲರೂ ಮಾಡುವುದು ಬಾನೆಟ್ ಮೂಲೆ ಒತ್ತಿ ಬಿಡುವ ಪರೀಕ್ಷೆ. ಎರಡು ಮೂರು ಸಲ ಕುಣಿದರೆ ಸ್ಟ್ರಟ್ ಸತ್ತಿದೆ, ಸರಿ. ಕುಣಿಯದಿದ್ದರೆ ಚೆನ್ನಾಗಿದೆ ಎಂದು ಅರ್ಥವಲ್ಲ. ಕೈಯಲ್ಲಿ ಒತ್ತುವ ವೇಗ ಎಲ್ಲಿ, ಗುಂಡಿಗೆ ಬಿದ್ದ ಚಕ್ರ ಮೇಲೇಳುವ ವೇಗ ಎಲ್ಲಿ? ಅರ್ಧ ಸೋತ ಸ್ಟ್ರಟ್ ಈ ಪರೀಕ್ಷೆಯಲ್ಲಿ ಆರಾಮವಾಗಿ ಪಾಸಾಗುತ್ತದೆ.

ನಾನು ಹೆಚ್ಚು ನಂಬುವುದು ಟೈರನ್ನು. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಸವರಿ. ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು, ಅಲೆ ಅಲೆಯಾಗಿ ಸವೆದಿದ್ದರೆ ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತಿದೆ. ಚಕ್ರದ ಬ್ಯಾಲೆನ್ಸ್ ಸರಿ ಇದ್ದೂ ಹೀಗಾಗಿದ್ದರೆ ಸ್ಟ್ರಟ್ ಮೇಲೆ ಅನುಮಾನ ಪಡಿ.

ಎಣ್ಣೆಯ ವಿಷಯದಲ್ಲಿ ದುಡುಕಬೇಡಿ. ರಾಡ್ ಮೇಲೆ ತೆಳುವಾದ ಎಣ್ಣೆಪಸೆ ಇರುವುದು ಸಹಜ. ಸೀಲ್ ಒಣಗದಿರಲು ಅದು ಬೇಕು. ಎಣ್ಣೆ ಕೊಳವೆಯ ಮೇಲೆ ಇಳಿದು, ಧೂಳು ಕೂತು, ಕಪ್ಪು ಕೆಸರಾಗಿದ್ದರೆ ಅದು ಲೀಕ್. ಒರೆಸಿ, ಒಂದೆರಡು ದಿನ ಓಡಿಸಿ, ಮತ್ತೆ ನೋಡಿ. ರಾಡಿನ ಹೊಳಪಿನ ಮೇಲೆ ತುಕ್ಕಿನ ಚುಕ್ಕಿ ಇದ್ದರೆ ಇವತ್ತಲ್ಲ ನಾಳೆ ಅದು ಸೀಲನ್ನು ಕೊಯ್ಯುತ್ತದೆ.

ಓಡಿಸಿ ನೋಡಲು ನಮ್ಮ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಒಳ್ಳೆಯ ಜಾಗ. ಅಲ್ಲಿನ ಮಿತಿ ಗಂಟೆಗೆ 100 ಕಿ.ಮೀ. ಅದರೊಳಗೇ ಇರಿ. ಸೇತುವೆಗಳ ಜಾಯಿಂಟ್ ದಾಟಿದಾಗ ಕಾರು ಒಮ್ಮೆ ಎದ್ದು ಕೂತರೆ ಸರಿ. ದೋಣಿಯ ಹಾಗೆ ತೂಗುತ್ತಾ ಹೋದರೆ ಸ್ಟ್ರಟ್‌ನ ಕಥೆ ಮುಗಿದಿದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅಲ್ಲಿ ಬಸ್ಸು ಇಳಿಯುತ್ತಿರುತ್ತದೆ, ನಡೆದು ಬರುವ ಭಕ್ತರಿರುತ್ತಾರೆ. ಸಸ್ಪೆನ್ಷನ್ ಸರಿಯಿಲ್ಲ ಎಂಬ ಅನುಮಾನ ಇರುವ ಕಾರನ್ನು ಅಲ್ಲಿ ಜೋರಾಗಿ ಓಡಿಸುವುದು ತಪ್ಪು.

ಬದಲಿಸುವಾಗ

ಸ್ಟ್ರಟ್ ಬದಲಿಸಿದರೆ ಎಡ ಬಲ ಎರಡೂ ಬದಲಿಸಿ. ಒಂದು ಗಟ್ಟಿ, ಒಂದು ಮೆತ್ತಗೆ ಇದ್ದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಕಾರು ಎರಡು ಮನಸ್ಸಿನಲ್ಲಿ ಓಡುತ್ತದೆ. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು ಇವನ್ನೂ ಜೊತೆಗೇ ತನ್ನಿ. ಇವುಗಳ ಬೆಲೆ ಸ್ಟ್ರಟ್‌ಗಿಂತ ಕಡಿಮೆ. ಆಮೇಲೆ ಬೇರೆಯಾಗಿ ಹಾಕಿಸಿದರೆ ಲೇಬರ್ ಮಾತ್ರ ಅಷ್ಟೇ ಬೀಳುತ್ತದೆ. ನಾನು ಎರಡು ಸಲ ಕೊಟ್ಟಿದ್ದೇನೆ.

ಭಾಗ ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಹಳೇ ಕಾರಿನ ವಿಐಎನ್ (ಚಾಸಿ) ನಂಬರ್ ಬರೆದುಕೊಂಡು ಹೋಗಿ. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತ ಹೊಸ ಮೌಂಟ್ ಸಿಕ್ಕರೆ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಡಬ್ಬಿ ಹೊಸದಾದರೂ ಮಾಲು ಹಳೆಯದೇ. ಗುಜರಿಯ ಸ್ಟ್ರಟ್ ಬೇಡ. ತೂತು ಕೊರೆದು, ಎಣ್ಣೆ ತುಂಬಿ, ವೆಲ್ಡ್ ಮಾಡಿ ಕೊಡುವ ‘ರೀಕಂಡೀಷನ್’ ಸ್ಟ್ರಟ್ ಅಂತೂ ಬೇಡವೇ ಬೇಡ. ಅದು ಚಕ್ರವನ್ನು ಹಿಡಿದಿರುವ ಕಂಬ, ಮರೆಯಬೇಡಿ.

ಬಿಚ್ಚುವ ಕ್ರಮದಲ್ಲಿ ಜನ ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ. ಮೊದಲು ಬ್ರೇಕ್ ಹೋಸ್, ಎಬಿಎಸ್ ವೈರ್ ಇದ್ದರೆ ಅದೂ, ಸ್ಟ್ರಟ್‌ನ ಬ್ರಾಕೆಟ್‌ನಿಂದ ಬಿಡಿಸಿ. ಕೆಳಗಿನ ಎರಡು ದಪ್ಪ ಬೋಲ್ಟ್ ತೆಗೆದ ಕೂಡಲೇ ನಕಲ್ (ಚಕ್ರದ ಹಬ್ ಹೊರುವ ಲೋಹದ ತುಂಡು) ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಕಟ್ಟಿ. ಇಲ್ಲದಿದ್ದರೆ ಭಾರವೆಲ್ಲ ಬ್ರೇಕ್ ಹೋಸ್ ಮೇಲೆ ಬೀಳುತ್ತದೆ. ಡ್ರೈವ್‌ಶಾಫ್ಟ್‌ನ ಒಳ ಜಾಯಿಂಟ್ ಕೂಡ ಕಳಚಿಕೊಳ್ಳಬಹುದು. ಬಾನೆಟ್ ಒಳಗೆ ಮೌಂಟಿನ ಮೂರು ಚಿಕ್ಕ ನಟ್‌ಗಳಿವೆ. ಸ್ಟ್ರಟ್ ಹೊರತೆಗೆಯಲು ಅವನ್ನು ಬಿಚ್ಚಬೇಕು. ನಡುವಿನ ದೊಡ್ಡ ನಟ್ ಮುಟ್ಟಲೇಬಾರದು.

ಆ ನಡುವಿನ ನಟ್ ವಿಷಯ ಜೀವದ ಪ್ರಶ್ನೆ. ಕುಗ್ಗಿದ ಸ್ಪ್ರಿಂಗನ್ನು ತಡೆದು ಹಿಡಿದಿರುವುದು ಅದೊಂದೇ. ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಎರಡೂ ಬದಿ ಸಮವಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ, ಸ್ಪ್ರಿಂಗ್ ತಾನು ಕೂರುವ ಮೇಲಿನ ತಟ್ಟೆಯಿಂದ, ಅಂದರೆ ಸೀಟಿನಿಂದ, ಬಿಡಿಸಿಕೊಂಡು ಕೈಯಲ್ಲಿ ಅಲ್ಲಾಡಿದ ಮೇಲೆಯೇ ಆ ನಟ್ ಬಿಚ್ಚಬೇಕು. ಕಾರಿನ ಒಂದು ಮೂಲೆಯನ್ನೇ ಹೊರುವ ಸ್ಪ್ರಿಂಗ್ ಅದು. ಹಾರಿದರೆ ಮೂಳೆ ಮುರಿಯುತ್ತದೆ, ಪ್ರಾಣವೂ ಹೋಗುತ್ತದೆ. ಹಗ್ಗ ಕಟ್ಟಿ, ತಂತಿ ಸುತ್ತಿ ಬಿಚ್ಚುವವರನ್ನು ನೋಡಿದರೆ ನನಗೆ ಎದೆ ಝಲ್ ಎನ್ನುತ್ತದೆ. ಒಳ್ಳೆಯ ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ ಹೊರತೆಗೆದು, ಅದಿರುವ ಗ್ಯಾರೇಜಿಗೆ ಒಯ್ದು ಆ ಒಂದು ಕೆಲಸ ಮಾಡಿಸಿ.

ಹೊಸ ಸ್ಟ್ರಟ್ ಎರಡು ಕೊಳವೆಯ (ಒಂದರೊಳಗೊಂದು ಇರುವ) ಮಾದರಿಯದಾದರೆ ಜೋಡಿಸುವ ಮುಂಚೆ ನೆಟ್ಟಗೆ ನಿಲ್ಲಿಸಿ, ರಾಡನ್ನು ನಿಧಾನವಾಗಿ ನಾಲ್ಕೈದು ಸಲ ಪೂರ್ತಿ ಒತ್ತಿ ಎತ್ತಿ. ಅಂಗಡಿಯಲ್ಲಿ ಮಲಗಿಸಿಟ್ಟಾಗ ಒಳಗಿನ ಸಿಲಿಂಡರಿಗೆ ಗಾಳಿ ಸೇರಿರುತ್ತದೆ. ಅದು ಹೋಗದಿದ್ದರೆ ಹೊಸ ಸ್ಟ್ರಟ್ಟೇ ಮೊದಲ ದಿನ ಶಬ್ದ ಮಾಡುತ್ತದೆ. ಒತ್ತುವಾಗ ಎಲ್ಲೂ ಖಾಲಿ ಜಾಗ ಸಿಗದೆ ಒಂದೇ ಬಿಗಿಯಲ್ಲಿ ಚಲಿಸಬೇಕು. ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ಕೂರಬೇಕು. ರಾಡನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಒಂದು ಗೀರು ಬಿದ್ದರೆ ಸೀಲ್ ಹೋಯಿತು. ಇಂಪ್ಯಾಕ್ಟ್ ಗನ್ನಿನಿಂದ ನಡುವಿನ ನಟ್ ಬಿಗಿಸಿದರೆ ರಾಡ್ ಗಿರಗಿರ ತಿರುಗುತ್ತದೆ, ಅದೂ ಸೀಲಿಗೆ ಕೆಟ್ಟದ್ದು. ಕೈಯಲ್ಲೇ ಬಿಗಿಸಿ, ಕೊನೆಗೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಬಳಸಿ. ಅಂಕಿ ಎಷ್ಟು ಎನ್ನುವುದನ್ನು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ.

ಇನ್ನೊಂದು ಮಾತು, ಇದನ್ನು ಬಹಳ ಗ್ಯಾರೇಜುಗಳು ಮರೆಯುತ್ತವೆ. ಲೋವರ್ ಆರ್ಮ್ ಬೋಲ್ಟ್ ಸಡಿಲಿಸಿದ್ದರೆ ಅದನ್ನು ಕೊನೆಯದಾಗಿ ಬಿಗಿಸುವುದು ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಚಕ್ರ ನೇತಾಡುವಾಗ ಬಿಗಿಸಿದರೆ ಬುಷ್‌ನ ರಬ್ಬರ್ ಆ ಕೋನದಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ಇಳಿಸಿದ ಕ್ಷಣದಿಂದ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ.

ವೀಲ್ ಅಲೈನ್ಮೆಂಟ್ ಬಿಡಬೇಡಿ. ಕೆಳಗಿನ ಬೋಲ್ಟ್ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ ಚಕ್ರದ ಓರೆ ಬದಲಾಗುತ್ತದೆ. ನನ್ನ ಕಾರು ಎಡಕ್ಕೆ ಎಳೆಯುತ್ತಿತ್ತು. ಮುಂದಿನ ಎರಡು ಟೈರ್ ಅದಲು ಬದಲು ಮಾಡಿ ನೋಡಿದೆ. ಎಳೆತ ಬಲಕ್ಕೆ ತಿರುಗಲಿಲ್ಲ. ಅಂದರೆ ಟೈರಿನ ತಪ್ಪಲ್ಲ. ಬೋಲ್ಟ್ ಸಡಿಲಿಸಿ, ನಕಲನ್ನು ಸರಿಯಾದ ಕಡೆಗೆ ಒತ್ತಿ ಹಿಡಿದು ಮತ್ತೆ ಬಿಗಿಸಿ, ಅಲೈನ್ಮೆಂಟ್ ಮಾಡಿಸಿದ ಮೇಲೆ ನೇರವಾಯಿತು.

ಅಪ್‌ಗ್ರೇಡ್ ಮಾಡಬೇಕಾ?

ಬಿಚ್ಚಿದ ಮೇಲೆ ಒಳ್ಳೆಯದನ್ನೇ ಹಾಕೋಣ ಅನ್ನಿಸುವುದು ಸಹಜ. ನನಗೂ ಅನ್ನಿಸಿತು. ಮೊದಲ ಆಸೆ ಕಾರನ್ನು ತಗ್ಗಿಸುವುದು. ತಗ್ಗಿಸಿದರೆ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿಗೆ ಅದರಲ್ಲಿ ಒಂದು ಮೋಸ ಇದೆ.

ತಿರುವಿನಲ್ಲಿ ಕಾರು ಒಂದು ಬಿಂದುವಿನ ಸುತ್ತ ವಾಲುತ್ತದೆ. ಅದನ್ನು ರೋಲ್ ಸೆಂಟರ್ ಎನ್ನುತ್ತಾರೆ. ಲೋವರ್ ಆರ್ಮ್ ಯಾವ ಕೋನದಲ್ಲಿದೆ ಅನ್ನುವುದರ ಮೇಲೆ ಅದರ ಎತ್ತರ ನಿಂತಿದೆ. ಬಾಡಿ ಕೆಳಗಿಳಿದರೆ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲಾಗುತ್ತದೆ. ಆಗ ರೋಲ್ ಸೆಂಟರ್ ಬಾಡಿಗಿಂತಲೂ ಜಾಸ್ತಿ ಕೆಳಗಿಳಿಯುತ್ತದೆ. ಕಾರಿನ ಭಾರದ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಹೆಚ್ಚುತ್ತದೆ. ಉದ್ದ ಹಿಡಿಯ ಪಾನಾ ಹಿಡಿದ ಹಾಗೆ, ವಾಲಿಸುವ ಬಲ ಹೆಚ್ಚುತ್ತದೆ. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು. ಗಟ್ಟಿ ಸ್ಪ್ರಿಂಗಿಗೆ ತಕ್ಕ ಸ್ಟ್ರಟ್ ಬೇಕು. ಇಷ್ಟೆಲ್ಲಾ ಮಾಡಿ ಒಂದು ಹಳ್ಳಿಯ ಹಂಪ್ ದಾಟಿದರೆ ಹೊಟ್ಟೆ ಉಜ್ಜುತ್ತದೆ. ಮೂಲ ಸ್ಟ್ರಟ್ ಇಟ್ಟುಕೊಂಡು ಸ್ಪ್ರಿಂಗ್ ಕತ್ತರಿಸುವುದು ಇನ್ನೂ ಕೆಟ್ಟದ್ದು. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸೀಟಿನಿಂದಲೇ ಕಳಚಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ ಅನ್ನುವುದೂ ನೆನಪಿರಲಿ.

ನನ್ನ ಅಭಿಪ್ರಾಯ ಸ್ಪಷ್ಟ. ನಮ್ಮ ರಸ್ತೆಗೆ ಮೂಲ ಎತ್ತರ, ಮೂಲ ಸ್ಪ್ರಿಂಗ್, ಅದರ ಜೊತೆ ಒಳ್ಳೆಯ ಗ್ಯಾಸ್ ಸ್ಟ್ರಟ್. ಕೆವೈಬಿ ಕಂಪನಿಯ ಎಕ್ಸೆಲ್-ಜಿ ಸಾಲು ಮೂಲದ ಹಾಗೇ ಇರುವ, ಎರಡು ಕೊಳವೆಯ ಗ್ಯಾಸ್ ಮಾದರಿ. ಬಿಲ್‌ಸ್ಟೈನ್ ಕಂಪನಿಯ ಬಿ6 ಸಾಲು ಒಂದೇ ಕೊಳವೆಯದು. ಮೂಲ ಎತ್ತರದ ಸ್ಪ್ರಿಂಗಿಗೆ ಬಿ6, ತಗ್ಗಿಸಿದ ಸ್ಪ್ರಿಂಗಿಗೆ ಬಿ8. ಇವೆರಡನ್ನು ಅದಲು ಬದಲು ಮಾಡಬೇಡಿ. ಒಂದೇ ಕೊಳವೆಯ ಸ್ಟ್ರಟ್‌ನಲ್ಲಿ ಗ್ಯಾಸ್ ಮತ್ತು ಎಣ್ಣೆಯ ನಡುವೆ ತೇಲುವ ಪಿಸ್ಟನ್ ಇರುತ್ತದೆ. ಅದಕ್ಕೇ ಕೆಟ್ಟ ರಸ್ತೆಯಲ್ಲಿ ತುಂಬಾ ಹೊತ್ತು ಓಡಿಸಿದರೂ ಎಣ್ಣೆ ನೊರೆಯಾಗಿ ಹಿಡಿತ ಸಡಿಲವಾಗುವುದಿಲ್ಲ. ಆದರೆ ಸಣ್ಣ ಸಣ್ಣ ಒರಟುತನ ಸೀಟಿಗೆ ಜಾಸ್ತಿ ಗೊತ್ತಾಗುತ್ತದೆ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಓಡಾಡುವ ಕಾರಾದರೆ ಇದನ್ನು ಯೋಚಿಸಿ. ಯಾವುದೇ ಹಾಕಿದರೂ ನಿಮ್ಮ ಕಾರಿನ ಮಾಡೆಲ್, ವರ್ಷಕ್ಕೆ ಭಾಗದ ನಂಬರ್ ಹೊಂದುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಅದಕ್ಕಿಂತ ಮೊದಲು ಬುಷ್‌ಗಳನ್ನು ಸರಿ ಮಾಡಿಸಿ. ನನ್ನ ಕಾರಿಗೆ ಹೊಸ ಲಿಂಕ್ ರಾಡ್, ಹೊಸ ಮೌಂಟ್, ಬೇರಿಂಗ್, ಲೋವರ್ ಆರ್ಮ್ ಬುಷ್ ಹಾಕಿದ ಮೇಲೆ, ಮೊದಲ ಗ್ಯಾರೇಜಿನಲ್ಲಿ ಹಾಕಿಸಿದ ಸಾಧಾರಣ ಸ್ಟ್ರಟ್ಟೇ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಬಿ6 ಆಸೆಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ.

300 ಕಿ.ಮೀ. ಓಡಿದ ಮೇಲೆ ಎಲ್ಲಾ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ನೋಡಿದೆ. ಬಲಗಡೆ ಲಿಂಕಿನ ಒಂದು ನಟ್ ಕಾಲು ಸುತ್ತು ತೆಗೆದುಕೊಂಡಿತು. ಹೋದ ಭಾನುವಾರ ಮತ್ತೆ ಪಾಂಡವಪುರದ ಅದೇ ರಸ್ತೆಯಲ್ಲಿ ಕಿಟಕಿ ಇಳಿಸಿ ಓಡಿಸಿದೆ. ಮುಂದಿನಿಂದ ಏನೂ ಇಲ್ಲ. ಹಿಂದಿನ ಬಲಗಡೆ ಮಾತ್ರ, ಓರೆಯಾಗಿ ಗುಂಡಿಗೆ ಇಳಿದಾಗ, ಸಣ್ಣಗೆ ಟಕ್ ಎಂದಿತು. ಈ ಸಲ ಎರಡೂ ಚಕ್ರ ಒಟ್ಟಿಗೆ ಎತ್ತಿ ನೋಡುತ್ತೇನೆ.